ಮಳಿಗೆ ಕಂಪನಿಗೆ, ಸಾಲ ಯಾರಿಗೆ?

ಮೊನ್ನೆ ಮಧುಗಿರಿಯಿಂದ ಶಿರಾ ಕಡೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಅಂಗಿ ಜೇಬಿನಿಂದ ಒಂದು ಬಾಡಿಗೆ ರಸೀದಿ ತೆಗೆದು ನನ್ನ ಕೈಗಿಟ್ಟರು. ನಮ್ಮ ನಾಲ್ಕು ತಾಲ್ಲೂಕಿನ ಊರೊಂದರಲ್ಲಿ ಅವರದು ಚಿಕ್ಕ ಅಂಗಡಿ. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ನಾಳೆ ಅವರು ಅದೇ ಮಳಿಗೆಯ ಬಾಗಿಲು ತೆಗೀಬೇಕಲ್ಲ. ರಸೀದಿ ಮೇಲೆ ಹಿಂದೆಲ್ಲ ಇರುತ್ತಿದ್ದ ಮಾಲೀಕರ ಹೆಸರಿರಲಿಲ್ಲ. ಆ ಜಾಗದಲ್ಲಿ ಒಂದು 'ಪ್ರೈವೇಟ್ ಲಿಮಿಟೆಡ್' ಕೂತಿತ್ತು.

"ನೋಡಿ ಸಾರ್, ಹನ್ನೆರಡು ವರ್ಷದಿಂದ ಯಜಮಾನ್ರೇ ಬಂದು ಬಾಡಿಗೆ ಈಸ್ಕೊಂಡು ಹೋಗೋರು. ಈಗ ಇದ್ಯಾವ್ದೋ ಕಂಪ್ನಿ ಅಂತೆ. ನಾನ್ ಕೊಟ್ಟಿದ್ದ ಅಡ್ವಾನ್ಸು ಎಲ್ಲೈತೆ ಅಂದ್ರೆ 'ಕಂಪ್ನಿ ಲೆಕ್ಕದಾಗೆ ಅದಿಲ್ಲ' ಅಂತಾರೆ. ಕಂಪ್ನಿ ಅಂದ್ರೆ ಯಾರು ಅಂದ್ರೆ ಅವ್ರೂ ಅವ್ರ ಮನೆಯವ್ರೂನೇ! ಇದ್ಯಾವ ನ್ಯಾಯ ಸಾರ್? ಅದೂ ಅಲ್ದೆ ಬಿಲ್ಡಿಂಗು ಬ್ಯಾಂಕ್‌ನಾಗೆ ಐತಂತೆ."

ಕೊನೆಯ ಮಾತು ಕೇಳಿ ನನ್ನ ಕಿವಿ ನಿಮಿರಿತು. ಬ್ಯಾಂಕಿನಲ್ಲಿ ಅಡಮಾನ ಇರುವ ಕಟ್ಟಡ ಕಂಪನಿಯ ಹೆಸರಿಗೆ ಹೋಗುವುದು ಹೇಗೆ? ಹೋದರೆ ಸಾಲ ಯಾರ ತಲೆ ಮೇಲೆ? ಬಾಡಿಗೆದಾರನ ದುಡ್ಡು ಯಾರ ಜೇಬಿನಲ್ಲಿ? ನಾನು ವಕೀಲನಲ್ಲ, ಆಡಿಟರೂ ಅಲ್ಲ. ಆದ್ದರಿಂದ ಬಲ್ಲವರನ್ನು ಕೇಳಿದೆ, ಕಾಯ್ದೆ ಪುಸ್ತಕ ತಿರುವಿ ಹಾಕಿದೆ. ಕೇಳಿದಷ್ಟೂ ಒಂದು ಮಾತು ಗಟ್ಟಿಯಾಯಿತು: ಈ ಕಂಪನಿ ಹುಚ್ಚು ಮಾಲೀಕರಿಗೂ ಒಳ್ಳೆಯದಲ್ಲ, ಬಾಡಿಗೆದಾರರಿಗೂ ಒಳ್ಳೆಯದಲ್ಲ. ಕೈಕಾಲು ತೊಳೆದುಕೊಂಡು, ಕಾಗದಪತ್ರ ಸರಿ ಮಾಡಿಕೊಂಡು ಇಳಿದವರಿಗೆ ಮಾತ್ರ ಅದು ದಕ್ಕುತ್ತದೆ.

ಆಸೆ ತೋರಿಸುವವರು

ಮಧುಗಿರಿ ಉಪವಿಭಾಗ ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ಊರುಗಳ ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಂದು ಸುತ್ತು ಹಾಕಿ ಬನ್ನಿ. ಕೆಳಗೆ ಸಾಲು ಮಳಿಗೆ, ಮೇಲೆ ರೂಮು, ಇನ್ನೂ ಮೇಲೆ ಕಬ್ಬಿಣದ ಸರಳು ಆಕಾಶ ನೋಡುತ್ತಿರುತ್ತವೆ. ಅಪ್ಪ ಒಂದು ಸೈಟು ಮಾಡಿದ್ದ, ಮಗ ಸಾಲ ಎತ್ತಿ ಕಟ್ಟಡ ಎಬ್ಬಿಸಿದ. ಬಾಡಿಗೆ ಬಂದದ್ದು ಕಂತಿಗೆ ಹೋಗುತ್ತದೆ. ನಮ್ಮ ಕಡೆಯ ಮಧ್ಯಮ ವರ್ಗದ ಸಂಸಾರ ನಡೆಯುವುದೇ ಹೀಗೆ. ಇದರಲ್ಲಿ ತಪ್ಪೇನಿಲ್ಲ.

ಇಂಥವರ ಹತ್ತಿರ ಈಗ ಸಲಹೆಗಾರರು ಬರುತ್ತಾರೆ. "ಸ್ವಾಮಿ, ಆಸ್ತಿ ನಿಮ್ಮ ಹೆಸರಲ್ಲಿದ್ದರೆ ಸಾಲಗಾರರು ನಿಮ್ಮ ಕತ್ತಿಗೇ ಬರ್ತಾರೆ. ಒಂದು ಲಿಮಿಟೆಡ್ ಕಂಪನಿ ಮಾಡಿ, ಮಳಿಗೆಯೆಲ್ಲ ಅದಕ್ಕೆ ಹಾಕಿ. ನೀವು ಡೈರೆಕ್ಟರು, ಯಜಮಾನತಿ ಡೈರೆಕ್ಟರು. ಹೊಣೆ ಸೀಮಿತ, ತೆರಿಗೆ ಕಮ್ಮಿ, ಬೋರ್ಡು ಬೇರೆ" ಎನ್ನುತ್ತಾರೆ. ಕಂಪನಿ ಹುಟ್ಟಿಸುವುದು ಈಗ ಕಷ್ಟವೂ ಅಲ್ಲ. 2013ರ ಕಂಪನಿ ಕಾಯ್ದೆ ಬಂದ ಮೇಲೆ ಒಬ್ಬನೇ ಮನುಷ್ಯ ಕೂಡ ಕಂಪನಿ ಆಗಬಹುದು. 2008ರ ಕಾಯ್ದೆಯ ಪ್ರಕಾರ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್.ಎಲ್.ಪಿ.ಯನ್ನೂ ಮಾಡಿಕೊಳ್ಳಬಹುದು. ಕಂಪ್ಯೂಟರ್ ಮುಂದೆ ಕೂತು ಅರ್ಜಿ ಹಾಕಿದರೆ ಸಾಕು, ಬೆಂಗಳೂರಿನ ದಾರಿ ಹಿಡಿಯಬೇಕಾಗಿಲ್ಲ.

ಕೂಸು ಹುಟ್ಟಿಸುವುದು ಸುಲಭ. ಅದರ ಹೆಸರಿಗೆ ಅಡಮಾನದ ಆಸ್ತಿ ಬರೆದುಕೊಡುವುದು ಬೇರೆ ಮಾತು.

ಲಂಡನ್ನಿನ ಬೂಟು ಅಂಗಡಿ

ಈ 'ಸೀಮಿತ ಹೊಣೆ'ಯ ಕಥೆಯಲ್ಲಿ ನಮ್ಮಂಥ ಒಬ್ಬ ಅಂಗಡಿಯವನಿದ್ದಾನೆ. ಲಂಡನ್ನಿನಲ್ಲಿ ಸಾಲೊಮನ್ ಅಂತ ಒಬ್ಬ ಬೂಟು ವ್ಯಾಪಾರಿ ಇದ್ದ. 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಹುಟ್ಟಿಸಿದ ಕಂಪನಿಗೆ ಮಾರಿದ. ಆಗಿನ ಕಾನೂನಿಗೆ ಏಳು ಜನ ಬೇಕಿತ್ತು. ತಾನು, ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳು ಸೇರಿ ಏಳಾಯಿತು. 20,007 ಷೇರಿನಲ್ಲಿ 20,001 ಅವನದು, ಉಳಿದವರಿಗೆ ತಲಾ ಒಂದು. ವ್ಯಾಪಾರ ಮುಳುಗಿತು. ಸಾಲಗಾರರು "ಕಂಪನಿಯೂ ನೀನೇ, ನೀನೂ ನೀನೇ, ಕೊಡು" ಅಂದರು. ಕೆಳಗಿನ ಕೋರ್ಟುಗಳು ಹೌದು ಅಂದವು. 1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠ ಅಲ್ಲ ಅಂದಿತು: ಕಂಪನಿ ಬೇರೆ ಮನುಷ್ಯ, ಸಾಲೊಮನ್ ಬೇರೆ ಮನುಷ್ಯ.

ಸಲಹೆಗಾರರು ಹೇಳುವುದು ಇಷ್ಟೇ ಕಥೆ. ಈ ಕತ್ತಿಗೆ ಇನ್ನೊಂದು ಅಲಗಿದೆ, ಅದನ್ನು ಹೇಳುವುದಿಲ್ಲ. ಕಂಪನಿ ಬೇರೆ ಮನುಷ್ಯ ಅಂದಮೇಲೆ ಕಂಪನಿಯ ಕಟ್ಟಡ ನಿಮ್ಮದಲ್ಲ! ನಮ್ಮ ಸುಪ್ರೀಂ ಕೋರ್ಟು 1954ರಲ್ಲೇ, ಬಾಚಾ ಗಜ್ದರ್ ಅವರ ಕೇಸಿನಲ್ಲಿ, ಷೇರು ಇಟ್ಟುಕೊಂಡವನಿಗೆ ಕಂಪನಿಯ ಆಸ್ತಿಯ ಮೇಲೆ ಹಕ್ಕಿಲ್ಲ ಅಂತ ಹೇಳಿದೆ. ಐರ್ಲೆಂಡಿನಲ್ಲಿ ಮಕಾರಾ ಅಂತ ಒಬ್ಬ ತನ್ನ ಮರಮುಟ್ಟನ್ನೆಲ್ಲ ತನ್ನದೇ ಕಂಪನಿಗೆ ಮಾರಿದ. ಬೆಂಕಿ ವಿಮೆ ಮಾತ್ರ ತನ್ನ ಹೆಸರಿನಲ್ಲೇ ಬಿಟ್ಟಿದ್ದ. ಮರ ಸುಟ್ಟು ಬೂದಿಯಾಯಿತು. 1925ರಲ್ಲಿ ಕೋರ್ಟು ವಿಮೆ ದುಡ್ಡು ಸಿಗದು ಅಂದಿತು. ಯಾಕೆ? ಮರ ಅವನದಲ್ಲ, ಕಂಪನಿಯದು. ವಿಮೆ ಕಂಪನಿಯದಲ್ಲ, ಅವನದು.

ನಮ್ಮ ಊರಿನಲ್ಲಿ ಕಟ್ಟಡ ಕಂಪನಿಗೆ ಬರೆದುಕೊಟ್ಟು ವಿಮೆ, ಕರೆಂಟಿನ ಆರ್.ಆರ್. ನಂಬರು, ಕಂದಾಯದ ಖಾತೆ ಎಲ್ಲ ಹಳೇ ಹೆಸರಿನಲ್ಲೇ ಬಿಟ್ಟಿರುವವರು ಈ ಕಥೆ ಎರಡು ಸಲ ಓದಿಕೊಳ್ಳಲಿ.

ಸಾಲ ಜಾಗ ಬಿಟ್ಟು ಕದಲದು

ಈಗ ಅಡಮಾನದ ವಿಚಾರ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುವುದನ್ನು ಹಳ್ಳಿ ಭಾಷೆಯಲ್ಲಿ ಹೇಳುವುದಾದರೆ, ಅಡಮಾನ ಅಂಟುವುದು ಆಸ್ತಿಗೆ. ಆಸ್ತಿ ಯಾರ ಮನೆಗೆ ಹೋದರೂ ಅದು ಹಿಂದೆಯೇ ಹೋಗುತ್ತದೆ. ಹಸು ಮಾರಿದರೆ ಕರು ಹಿಂಬಾಲಿಸಿದ ಹಾಗೆ. ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಮಾತ್ರ ಹೊಸ ಮಾಲೀಕನಿಗೆ, ಅಂದರೆ ಕಂಪನಿಗೆ ಬರುತ್ತದೆ.

ಹಾಗಾದರೆ ಹಳೇ ಮಾಲೀಕ ಬಚಾವಾದನೇ? ಇಲ್ಲ ಸ್ವಾಮಿ. ಸಾಲಪತ್ರಕ್ಕೆ ರುಜು ಹಾಕಿದವನು ಅವನು. ಬ್ಯಾಂಕು ಒಪ್ಪಿ ಅವನನ್ನು ಬಿಡುಗಡೆ ಮಾಡುವ ತನಕ ಕೊಡಬೇಕಾದವನೂ ಅವನೇ. ಸಾಲ ಕೊಡುವಾಗ ಬ್ಯಾಂಕಿನವರು ರುಜು ಹಾಕಿಸಿಕೊಳ್ಳುವ ದಪ್ಪ ಕಟ್ಟಿನಲ್ಲಿ, ನಾವ್ಯಾರೂ ಓದದ ಪುಟದಲ್ಲಿ, ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಮಾರಕೂಡದು, ಪರಭಾರೆ ಮಾಡಕೂಡದು, ಗುತ್ತಿಗೆಗೆ ಕೊಡಕೂಡದು. ಮೀರಿದರೆ ಬಾಕಿ ಅಷ್ಟೂ ಒಂದೇ ಸಲ ಕಟ್ಟು ಅನ್ನಬಹುದು. ಹದಿನೈದು ವರ್ಷದ ಕಂತು ಹದಿನೈದು ದಿನಕ್ಕೆ ಬಂದರೆ ಯಾವ ಅಂಗಡಿ ಸಾಲು ತಡೆದೀತು?

ಇನ್ನು ಕಂತು ತಪ್ಪಿದವರ ಮಾತು. ತೊಂಬತ್ತು ದಿನ ಬಾಕಿ ನಿಂತರೆ ಸಾಲ 'ವಸೂಲಾಗದ' ಪಟ್ಟಿಗೆ ಬೀಳುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟೀಸು. ಆ ನೋಟೀಸು ಕೈಗೆ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದು, ಬಾಡಿಗೆಗೆ ಕೊಡುವುದು ಎರಡನ್ನೂ ಕಾಯ್ದೆಯೇ ತಡೆಯುತ್ತದೆ. ಸಹಕಾರಿ ಬ್ಯಾಂಕಿನ ಸಾಲ, ಅಲ್ಲಿಯವರು ನಮ್ಮವರೇ, ಅಂತ ಧೈರ್ಯ ಬೇಡ. ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆ ಬಳಸಬಹುದು ಅಂತ ಸುಪ್ರೀಂ ಕೋರ್ಟು 2020ರ ಮೇ ತಿಂಗಳಲ್ಲಿ ತೀರ್ಮಾನಿಸಿದೆ. ಸಾಲಗಾರರನ್ನು ವಂಚಿಸಲಿಕ್ಕೆಂದೇ ಆಸ್ತಿ ವರ್ಗ ಮಾಡಿದ್ದು ಸಾಬೀತಾದರೆ, ಹಳೇ 1882ರ ಕಾಯ್ದೆಯ 53ನೇ ಕಲಮಿನ ಪ್ರಕಾರ ಸಾಲ ಕೊಟ್ಟವರು ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು.

ಬ್ಯಾಂಕು ಒಪ್ಪಿತು ಅಂತಲೇ ಇಟ್ಟುಕೊಳ್ಳಿ. ಒಪ್ಪುವಾಗ ಏನು ಕೇಳುತ್ತದೆ? "ಸಾಲ ಕಂಪನಿ ಹೆಸರಿಗೆ ಮಾಡ್ತೀವಿ, ಡೈರೆಕ್ಟರುಗಳು ಸ್ವಂತ ಜಾಮೀನು ಕೊಡಿ" ಅನ್ನುತ್ತದೆ. ಅಲ್ಲಿಗೆ ಸೀಮಿತ ಹೊಣೆ ಅನ್ನೋದು ಬೋರ್ಡಿನ ಮೇಲೆ ಉಳಿಯಿತು, ಹೊಣೆ ಮನೆಗೆ ಬಂತು. ಕಂಪನಿ ದಿವಾಳಿಯಾಗಿ ಅದರ ಸಾಲ ಇತ್ಯರ್ಥವಾದರೂ ಜಾಮೀನು ಕೊಟ್ಟವನ ಹೊಣೆ ತಾನಾಗಿ ಹರಿಯುವುದಿಲ್ಲ ಅಂತ 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಯಾವುದರಿಂದ ತಪ್ಪಿಸಿಕೊಳ್ಳಲು ಕಂಪನಿ ಕಟ್ಟಿದರೋ ಅದೇ ಹಿತ್ತಲ ಬಾಗಿಲಿನಿಂದ ಒಳಗೆ ಬಂತು.

ಲೆಕ್ಕ ಹಾಕಿ ನೋಡಿ

ವ್ಯಾಪಾರಸ್ಥರಿಗೆ ಕಾನೂನಿಗಿಂತ ಲೆಕ್ಕ ಬೇಗ ಅರ್ಥವಾಗುತ್ತದೆ. ಒಂದು ಉದಾಹರಣೆ ಹಾಕೋಣ. ಪೇಟೆಯಲ್ಲಿ ಒಂದು ಮಳಿಗೆ ಸಾಲು. ಸರ್ಕಾರಿ ಮಾರ್ಗಸೂಚಿ ಬೆಲೆ 60 ಲಕ್ಷ. ಹಿಂದೆ ಕೊಂಡು ಕಟ್ಟಿದ ಖರ್ಚು 20 ಲಕ್ಷ. ಬ್ಯಾಂಕಿನ ಬಾಕಿ 25 ಲಕ್ಷ.

ಕಂಪನಿಗೆ ಕ್ರಯ ಮಾಡಬೇಕಾದರೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ನೂರಕ್ಕೆ 10 ಸೆಸ್ಸು 30 ಸಾವಿರ, ಪೇಟೆ ಪ್ರದೇಶದ ಸರ್ಚಾರ್ಜು ನೂರಕ್ಕೆ 2 ಅಂದರೆ 6 ಸಾವಿರ. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಯಿತು. ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲೇ ಹೋಯಿತು.

"ದಾನಪತ್ರ ಮಾಡಿದರೆ ಕೆಲವು ಸಾವಿರದಲ್ಲಿ ಆಗುತ್ತಲ್ಲ?" ಅನ್ನಬಹುದು. ಅದು ಹೆಂಡತಿ ಮಕ್ಕಳು ಒಡಹುಟ್ಟಿದವರಿಗೆ ಕೊಟ್ಟರೆ. ಕಂಪನಿ ನಿಮ್ಮ ಮಗನಲ್ಲ.

ಆಮೇಲೆ ಆದಾಯ ತೆರಿಗೆ. ಕ್ರಯ ಅಂದಮೇಲೆ ಲಾಭದ ಲೆಕ್ಕ. 60ರಲ್ಲಿ 20 ಕಳೆದರೆ 40 ಲಕ್ಷ ಲಾಭ. ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ನೂರಕ್ಕೆ ಹನ್ನೆರಡೂವರೆ. ಅದು 5 ಲಕ್ಷ, ಸೆಸ್ಸು ಸೇರಿ 5 ಲಕ್ಷ 20 ಸಾವಿರ. ಹಳೇ ಆಸ್ತಿಗೆ ಬೆಲೆ ಏರಿಕೆ ಕಳೆದು ನೂರಕ್ಕೆ 20 ಕಟ್ಟುವ ದಾರಿಯೂ ಉಂಟು. ಯಾವುದು ಕಮ್ಮಿಯೋ ನೋಡಿಕೊಳ್ಳಬೇಕು. ಬೆಲೆಯನ್ನು ಕಾಗದದಲ್ಲಿ ಕಮ್ಮಿ ಬರೆಸಿ ಜಾರಿಕೊಳ್ಳೋಣವೆಂದರೆ, ಲೆಕ್ಕಕ್ಕೆ ಹಿಡಿಯುವುದು ಮಾರ್ಗಸೂಚಿ ಬೆಲೆಯನ್ನೇ.

ಎರಡೂ ಸೇರಿ ಹತ್ತಿರ ಹತ್ತಿರ 10 ಲಕ್ಷ. ಇದರಲ್ಲಿ ಗಮ್ಮತ್ತು ಏನು ಗೊತ್ತೇ? ಈ ವ್ಯವಹಾರದಲ್ಲಿ ನಿಮ್ಮ ಕೈಗೆ ಒಂದು ರೂಪಾಯಿಯೂ ಬಂದಿಲ್ಲ! ಕಂಪನಿ ನಿಮಗೆ ಕೊಟ್ಟದ್ದು ಷೇರಿನ ಕಾಗದ. ಎಡಗೈಯಿಂದ ಬಲಗೈಗೆ ಕೊಡೋದಕ್ಕೆ 10 ಲಕ್ಷ ದಾರಿ ಸುಂಕ. ಆ 10 ಲಕ್ಷವನ್ನು ಬ್ಯಾಂಕಿಗೇ ಕಟ್ಟಿದ್ದರೆ 25 ಲಕ್ಷದ ಬಾಕಿ 15ಕ್ಕೆ ಇಳಿಯುತ್ತಿತ್ತು.

ಕಂಪನಿ ಸಾಕುವುದೂ ಖರ್ಚೇ

ತೆರಿಗೆ ಕಮ್ಮಿ ಅಂತಾರಲ್ಲ, ಅದನ್ನೂ ನೋಡೋಣ. ಮನುಷ್ಯನ ಹೆಸರಿನಲ್ಲಿ ಬಾಡಿಗೆ ಬಂದರೆ, ಪುರಸಭೆ ಕಂದಾಯ ಕಳೆದು ಉಳಿದದ್ದರಲ್ಲಿ ನೂರಕ್ಕೆ 30 ರಿಪೇರಿ ಬಾಬ್ತು ಅಂತ ಬಿಡುತ್ತಾರೆ, ಸಾಲದ ಬಡ್ಡಿಗೂ ವಿನಾಯಿತಿ ಉಂಟು. ವರ್ಷಕ್ಕೆ 8 ಲಕ್ಷ ಬಾಡಿಗೆ ಬರುವವನ ಲೆಕ್ಕ ಐದೂವರೆ ಲಕ್ಷದ ಹತ್ತಿರ ನಿಲ್ಲುತ್ತದೆ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಕಂಪನಿಗೆ ಇಂಥ ರಿಯಾಯಿತಿ ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ತೆರಿಗೆ. ಕಮ್ಮಿ ದರ ಅನ್ನುವ ನೂರಕ್ಕೆ 22ನ್ನೇ ಆರಿಸಿಕೊಂಡರೂ ಸರ್ಚಾರ್ಜು, ಸೆಸ್ಸು ಸೇರಿ 25 ದಾಟುತ್ತದೆ. ಬಾಡಿಗೆ ವಸೂಲಿಯೇ ಕಸುಬಾದ ಕಂಪನಿಗೆ ಅದು ವ್ಯಾಪಾರದ ಆದಾಯ ಅಂತ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾದರೆ ಆ ನೂರಕ್ಕೆ 30ರ ವಿನಾಯಿತಿಯೂ ಹೋಯಿತು, ಸವಕಳಿ ಮಾತ್ರ ಉಳಿಯಿತು. ತೆರಿಗೆ ಕಟ್ಟಿ ಮಿಕ್ಕ ಲಾಭವನ್ನು ಡಿವಿಡೆಂಡು ಅಂತ ಮನೆಗೆ ತಂದರೆ ಅದು ಮತ್ತೆ ನಿಮ್ಮ ಆದಾಯದ ಲೆಕ್ಕಕ್ಕೆ ಬರುತ್ತದೆ.

ಜಿ.ಎಸ್.ಟಿ. ಮಾತು ಬಾಡಿಗೆದಾರರೂ ಕೇಳಿಸಿಕೊಳ್ಳಬೇಕು. ಮೂರು ಜನ ಅಣ್ಣತಮ್ಮಂದಿರು, ತಲಾ 8 ಲಕ್ಷ ಮಳಿಗೆ ಬಾಡಿಗೆ. ಬೇರೆ ವ್ಯವಹಾರ ಇಲ್ಲದಿದ್ದರೆ ಒಬ್ಬೊಬ್ಬರದೂ 20 ಲಕ್ಷದ ಗೆರೆಯ ಕೆಳಗೇ ಉಳಿಯಿತು. ಮೂವರದೂ ಒಂದು ಕಂಪನಿಗೆ ಸೇರಿದರೆ 24 ಲಕ್ಷ, ಗೆರೆ ದಾಟಿತು. ಮಳಿಗೆ ಬಾಡಿಗೆ ಮೇಲೆ ನೂರಕ್ಕೆ 18. ಹತ್ತು ಸಾವಿರ ಬಾಡಿಗೆ ಕೊಡುತ್ತಿದ್ದ ಚಿಲ್ಲರೆ ಅಂಗಡಿಯವನಿಗೆ ತಿಂಗಳಿಗೆ ಇನ್ನೂ 1,800. ಅವನಿಗೆ ಜಿ.ಎಸ್.ಟಿ. ನಂಬರು ಇಲ್ಲದಿದ್ದರೆ ಅದು ವಾಪಸು ಬರುವ ದುಡ್ಡಲ್ಲ. ಯಾರದೋ ಬೋರ್ಡಿನ ಆಸೆಗೆ ಇವನ ಗಲ್ಲಾ ಪೆಟ್ಟಿಗೆ ತೂತಾಯಿತು.

ಆಮೇಲೆ ಕಂಪನಿಗೆ ಪ್ರತಿ ವರ್ಷ ಆಡಿಟ್ ಆಗಲೇಬೇಕು, ಬಾಡಿಗೆ ಬರಲಿ ಬಿಡಲಿ. ವರ್ಷದ ಲೆಕ್ಕಪತ್ರ ಮತ್ತು ರಿಟರ್ನು ಸಲ್ಲಿಸುವುದು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಮೂರು ವರ್ಷ ಬಿಟ್ಟರೆ ಡೈರೆಕ್ಟರಗಿರಿಗೇ ಅನರ್ಹ. 2017ರಲ್ಲಿ ಕೇಂದ್ರ ಸರ್ಕಾರ ಎರಡು ಲಕ್ಷಕ್ಕೂ ಮೀರಿದ ಕಂಪನಿಗಳ ಹೆಸರನ್ನು ಒಂದೇ ಏಟಿಗೆ ಪಟ್ಟಿಯಿಂದ ಹೊಡೆದುಹಾಕಿ, ಅವುಗಳ ಬ್ಯಾಂಕು ಖಾತೆಗೂ ಕಡಿವಾಣ ಹಾಕಿತು. ಮಳಿಗೆಯ ಮಾಲೀಕನಾದ ಕಂಪನಿಯೇ ಹೀಗೆ ಸತ್ತರೆ ಅದನ್ನು ಬದುಕಿಸಲು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಅಲೆಯಬೇಕು. ಅಲ್ಲಿಯವರೆಗೆ ರಸೀದಿಗೆ ರುಜು ಹಾಕೋರು ಯಾರು?

ಬಾಡಿಗೆದಾರನ ಗತಿ

ಮತ್ತೆ ಬಸ್ಸಿನ ಗೆಳೆಯರ ಹತ್ತಿರ ಬರೋಣ. ಅವರಿಗೆ ಕಾನೂನು ಪೂರ್ತಿ ಬೆನ್ನು ತಿರುಗಿಸಿಲ್ಲ. ಕಟ್ಟಡ ಕೈ ಬದಲಾಯಿಸಿದರೆ ಬಾಡಿಗೆ ಕರಾರು ತಾನಾಗಿ ಸಾಯುವುದಿಲ್ಲ. ಹೊಸ ಮಾಲೀಕ ಹಳೇ ಮಾಲೀಕನ ಜಾಗದಲ್ಲಿ ಬಂದು ನಿಲ್ಲುತ್ತಾನೆ. ಮಾರಾಟವಾದ ಸುದ್ದಿ ಗೊತ್ತಿಲ್ಲದೆ ಹಳಬನಿಗೇ ಬಾಡಿಗೆ ಕೊಟ್ಟಿದ್ದರೆ ಹೊಸಬ ಇನ್ನೊಂದು ಸಲ ಕೇಳುವಂತಿಲ್ಲ. 1882ರ ಕಾಯ್ದೆಯ 109ನೇ ಕಲಮು ಹೇಳುವುದು ಇದನ್ನೇ.

ಗೋಜಲಾಗುವುದು ಅಡ್ವಾನ್ಸಿನಲ್ಲಿ. ದುಡ್ಡು ಇಸ್ಕೊಂಡವನು ಹಳೇ ಮಾಲೀಕ. ಅದನ್ನು ಕಂಪನಿ ವಹಿಸಿಕೊಂಡಿದೆ ಅಂತ ಕ್ರಯಪತ್ರದಲ್ಲೋ ಬೇರೆ ಕಾಗದದಲ್ಲೋ ಬರೆಯದಿದ್ದರೆ ಇವನು ಅವನ ಕಡೆ ಕೈ ತೋರಿಸುತ್ತಾನೆ, ಅವನು ಇವನ ಕಡೆ. ಇಬ್ಬರೂ ಒಂದೇ ಮನೆಯ ಜಗಲಿ ಮೇಲೆ ಕೂತು ಕೈ ತೋರಿಸಿದರೂ ಕೋರ್ಟಿನಲ್ಲಿ ವಾದಕ್ಕೆ ಎಡೆ ಇದ್ದೇ ಇದೆ. ಮಧುಗಿರಿ ಕೋರ್ಟಿಗೆ ಹತ್ತು ವಾಯಿದೆ ತಿರುಗಿದರೆ ಅಡ್ವಾನ್ಸು ವಕೀಲರ ಫೀಜಿಗೇ ಸರಿಹೋಯಿತು.

ಅದಕ್ಕಿಂತ ಪಾಡು ಭೋಗ್ಯದವರದು. ನಾಲ್ಕೈದು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಮನೆಯಲ್ಲಿರುವ ಪದ್ಧತಿ ನಮ್ಮ ಊರುಗಳಿಗೂ ಬಂದಿದೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಸೀಲು ಒತ್ತಿಸಿದರೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಭೋಗ್ಯಕ್ಕೆ ಇಬ್ಬರು ಸಾಕ್ಷಿಗಳ ರುಜು ಇರುವ ನೋಂದಣಿಯಾದ ಪತ್ರವೇ ಬೇಕು. ನೋಂದಣಿ ಇಲ್ಲದಿದ್ದರೆ ಆ ದುಡ್ಡಿಗೆ ಮನೆಯ ಮೇಲೆ ಅಡಮಾನದ ಹಕ್ಕು ಹುಟ್ಟುವುದಿಲ್ಲ, ಬರೀ ಕೈಸಾಲ ಕೊಟ್ಟ ಹಾಗೆ. ನೋಂದಣಿ ಮಾಡಿಸಿದರೂ ಮೊದಲೇ ಅಡಮಾನ ಹಿಡಿದ ಬ್ಯಾಂಕು ನಿಮಗಿಂತ ಮುಂದೆ ನಿಂತಿರುತ್ತದೆ. ಮನೆಯನ್ನು ನಾಳೆ ಬ್ಯಾಂಕು ಹರಾಜಿಗಿಟ್ಟರೆ, ಮಗಳ ಮದುವೆಗೆ ಇಟ್ಟಿದ್ದ ದುಡ್ಡು ಕೊಟ್ಟವನು ಪಾತ್ರೆ ಪಡಗದ ಜೊತೆ ಬೀದಿಯಲ್ಲಿ. ಅಡಮಾನಕ್ಕೆ ಮುಂಚೆ ಕ್ರಮವಾಗಿ ಆದ ಬಾಡಿಗೆ, ಅಥವಾ ಕಾಯ್ದೆ ಮತ್ತು ಕರಾರು ಒಪ್ಪುವ ಬಾಡಿಗೆ ಇದ್ದವರಿಗೆ ರಕ್ಷಣೆ ಉಂಟು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಾಯಿಮಾತಿನವರಿಗೆ ಆ ಮಾತು ಹೇಳಿಲ್ಲ.

ದೊಡ್ಡ ಮಳಿಗೆಯವರು ಬಾಡಿಗೆ ಕಾಯ್ದೆ ನಂಬಿ ಕೂರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರಿಗಿಂತ ದೊಡ್ಡ ವ್ಯಾಪಾರದ ಜಾಗಕ್ಕೆ ಅನ್ವಯಿಸುವುದೇ ಇಲ್ಲ. ನಿಮ್ಮ ರಕ್ಷಣೆ ನಿಮ್ಮ ಕರಾರು ಪತ್ರ, ಅಷ್ಟೇ.

ಪಾವಗಡದ ಪಾಠ

ಕಂಪನಿ ಅಂದರೆ ನಮ್ಮ ಜನಕ್ಕೆ ಹೊಸದಲ್ಲ. ಪಾವಗಡದ ತಿರುಮಣಿ, ವಳ್ಳೂರು ಕಡೆ ಹೋಗಿ. ಸುಮಾರು 13,000 ಎಕರೆಯಲ್ಲಿ ಬಿಸಿಲಿನ ಹಲಗೆ ಹಾಸಿದ್ದಾರೆ. 2015ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ, ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಲಿಮಿಟೆಡ್, ಆ ಜಮೀನನ್ನು ಕೊಂಡುಕೊಳ್ಳಲಿಲ್ಲ. 28 ವರ್ಷದ ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಆ ಯೋಜನೆಯಲ್ಲಿ ಜಮೀನಿಲ್ಲದ ಕೂಲಿಯವರ ಗತಿ ಏನು ಅನ್ನೋದು ಬೇರೆಯೇ ಜಗಳ, ಅದನ್ನು ಇನ್ನೊಂದು ದಿನ ಆಡೋಣ. ಇಲ್ಲಿ ನೋಡಬೇಕಾದ್ದು ಒಂದೇ: ಅಲ್ಲಿ ಕಂಪನಿ ಬಾಡಿಗೆದಾರ, ರೈತ ಮಾಲೀಕ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು.

ನಮ್ಮ ಮಳಿಗೆ ಮಾಲೀಕರು ಮಾಡಹೊರಟಿರುವುದು ಇದರ ತಲೆಕೆಳಗು. ಖಾತೆಯನ್ನೇ ಕಂಪನಿಗೆ ಕೊಟ್ಟು ತಾವು ಷೇರು ಹಿಡಿದು ಕೂರುವುದು. ಕಂಪನಿ ಬೇಕೇ ಬೇಕು ಅಂದರೆ, ಆಸ್ತಿ ಸ್ವಂತ ಹೆಸರಿನಲ್ಲಿಟ್ಟುಕೊಂಡು, ಬ್ಯಾಂಕಿನ ಒಪ್ಪಿಗೆ ಪಡೆದು, ಮೇಲ್ವಿಚಾರಣೆ ಮತ್ತು ವ್ಯಾಪಾರವನ್ನು ಮಾತ್ರ ಕಂಪನಿಗೆ ಕೊಡಬಹುದಲ್ಲ? ನಮ್ಮ ತಾಲ್ಲೂಕಿನ ರೈತನಿಗೆ ಹೊಳೆದದ್ದು ಪೇಟೆಯವರಿಗೆ ಹೊಳೆಯಬಾರದೇ?

ಕಂಪನಿಯೇ ಕೆಟ್ಟದ್ದೇ?

ಹಾಗೂ ಅಲ್ಲ. ಐದು ಜನ ಅಣ್ಣತಮ್ಮಂದಿರ ಮನೆಯಲ್ಲಿ ಅಪ್ಪ ಸತ್ತ ಮಾರನೇ ವರ್ಷ ಮಳಿಗೆ ಮಧ್ಯೆ ಗೋಡೆ ಏಳುವುದನ್ನು ಕೊರಟಗೆರೆಯಲ್ಲೂ ನೋಡಿದ್ದೀವಿ, ಶಿರಾದಲ್ಲೂ ನೋಡಿದ್ದೀವಿ. ಎಂಟಡಿ ಮಳಿಗೆ ನಾಲ್ಕಡಿ ಆಗಿ ಯಾರಿಗೂ ಬಾರದ ಹಾಗಾಗುತ್ತದೆ. ಅಂಥ ಕಡೆ ಗೋಡೆ ಹಂಚುವ ಬದಲು ಷೇರು ಹಂಚುವುದು ಬುದ್ಧಿವಂತಿಕೆಯೇ. ಒಬ್ಬ ಬಿಟ್ಟು ಹೋಗುತ್ತೀನಿ ಅಂದರೆ ಷೇರು ಕೊಟ್ಟು ಹೋಗುತ್ತಾನೆ, ಕಟ್ಟಡ ನಿಂತಿರುತ್ತದೆ. ಹೊಸದಾಗಿ ದೊಡ್ಡ ಕಟ್ಟಡ ಎಬ್ಬಿಸುವವರು ಮೊದಲಿನಿಂದಲೇ ಕಂಪನಿಯ ಹೆಸರಿನಲ್ಲಿ ಸೈಟು ಕೊಂಡರೆ ಈ ಎರಡನೇ ಸಲದ ಶುಲ್ಕವೂ ಇಲ್ಲ, ಲಾಭದ ತೆರಿಗೆಯೂ ಇಲ್ಲ.

ನನ್ನ ತಕರಾರು ಕದ್ದು ಮಾಡುವುದಕ್ಕೆ. ಬ್ಯಾಂಕಿಗೆ ಹೇಳದೆ, ಬಾಡಿಗೆದಾರನಿಗೆ ತಿಳಿಸದೆ, ಕಂತು ತಪ್ಪುವ ಹೊತ್ತಿಗೆ ಅವಸರದಲ್ಲಿ ಕಂಪನಿಯ ಮುಸುಕು ಹಾಕಿಕೊಳ್ಳುವುದಕ್ಕೆ.

ಹೀಗೆ ಮಾಡಿ

ಮಾಲೀಕರೇ, ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ. ಮ್ಯಾನೇಜರು ಟೀ ಕುಡೀತಾ "ಆಯ್ತು ಮಾಡ್ಕೊಳ್ಳಿ" ಅಂದದ್ದು ಒಪ್ಪಿಗೆ ಅಲ್ಲ. ಅವರು ನಾಳೆ ವರ್ಗವಾಗಿ ಹೋಗುತ್ತಾರೆ. ಆಮೇಲೆ ಕ್ರಯಪತ್ರದಲ್ಲಿ ಅಡಮಾನದ ಬಾಕಿ ಎಷ್ಟು, ಅದು ಯಾರ ಹೊಣೆ ಅಂತ ಬಿಡಿಸಿ ಬರೆಸಿ. ಒಬ್ಬೊಬ್ಬ ಬಾಡಿಗೆದಾರನ ಅಡ್ವಾನ್ಸು ಎಷ್ಟು ಅಂತ ಪಟ್ಟಿ ಮಾಡಿ ಅದಕ್ಕೇ ಲಗತ್ತಿಸಿ. ಅಡಮಾನದ ಭಾರ ಹೊತ್ತ ಆಸ್ತಿ ಕಂಪನಿಗೆ ಬಂದರೆ ಆ ಭಾರವನ್ನು 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಲ್ಲಿ ದಾಖಲು ಮಾಡಿಸಬೇಕು, ಮರೆಯಬೇಡಿ. ವಿಮೆ, ಇ-ಖಾತೆ, ಆರ್.ಆರ್. ನಂಬರು ಎಲ್ಲ ಒಂದೇ ವಾರದಲ್ಲಿ ಬದಲಾಗಲಿ.

ಬಾಡಿಗೆದಾರರೇ, ರಸೀದಿಯಲ್ಲಿ ಹೆಸರು ಬದಲಾದ ದಿನವೇ ಎಚ್ಚರವಾಗಿ. ಸಬ್ ರಿಜಿಸ್ಟ್ರಾರ್ ಕಛೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಆದರೆ ಅದೊಂದನ್ನೇ ನಂಬಬೇಡಿ. ಮೂಲಪತ್ರ ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲ ನೋಂದಣಿಯಾಗದೆಯೂ ಇರಬಹುದು. ಅಂಥದನ್ನು ಹುಡುಕಲು 2011ರಿಂದ ಸರ್ಸಾಯ್ ಅನ್ನುವ ಕೇಂದ್ರ ದಾಖಲೆ ಇದೆ, ಚಿಕ್ಕ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕಂಪನಿ ಜೀವಂತ ಇದೆಯೇ, ಡೈರೆಕ್ಟರು ಯಾರು, ಅದರ ಮೇಲೆ ಸಾಲದ ಭಾರ ಉಂಟೇ ಅನ್ನುವುದು ಕೇಂದ್ರ ಸರ್ಕಾರದ ಕಂಪನಿ ವ್ಯವಹಾರ ಇಲಾಖೆಯ ದಾಖಲೆಯಲ್ಲಿ ಸಿಗುತ್ತದೆ. ಮೊಬೈಲು ಹಿಡಿದ ಹುಡುಗನಿಗೆ ಹೇಳಿದರೆ ತೆಗೆದುಕೊಡುತ್ತಾನೆ. ಹಳೇ ಮಾಲೀಕ, ಹೊಸ ಕಂಪನಿ ಇಬ್ಬರ ರುಜುವೂ ಇರುವ ಒಂದು ಕಾಗದ ಕೇಳಿ: "ಇಂಥವರ ಇಷ್ಟು ಅಡ್ವಾನ್ಸು ನಮ್ಮಲ್ಲಿದೆ, ಬಿಡುವಾಗ ಕೊಡುತ್ತೇವೆ." ಒಂದೇ ಸಾಲು ಸಾಕು. ಅದು ಬರುವ ತನಕ ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ತಪ್ಪು ನಿಮ್ಮದಾಗುತ್ತದೆ. ನಗದು ಮಾತ್ರ ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ, ಗುರುತು ಉಳಿಯಲಿ.

ಅಧಿಕಾರಿಗಳಿಗೂ ಒಂದು ಮಾತು. ನಾಲ್ಕೂ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಛೇರಿ ಬಾಗಿಲಲ್ಲಿ ಕನ್ನಡದ ಒಂದು ಬೋರ್ಡು ಹಾಕಲಿ: ಭೋಗ್ಯ ನೋಂದಣಿ ಮಾಡಿಸಿ, ದುಡ್ಡು ಕೊಡುವ ಮುಂಚೆ ಇ.ಸಿ. ನೋಡಿ ಅಂತ. ಬ್ಯಾಂಕಿನವರು ಹರಾಜಿನ ಹಿಂದಿನ ದಿನ ಗೋಡೆಗೆ ನೋಟೀಸು ಅಂಟಿಸುವ ಶೌರ್ಯದ ಬದಲು, ಸಾಲ ಕೊಡುವ ದಿನವೇ ಒಳಗಿರುವ ಬಾಡಿಗೆದಾರರನ್ನು ಒಂದು ಮಾತು ಕೇಳಲಿ, ಅವರ ಅಡ್ವಾನ್ಸು ಬರೆದುಕೊಳ್ಳಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

ಬಸ್ಸಿನ ಗೆಳೆಯರು ಇಳಿಯುವಾಗ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಜೇಬಿಗಿಟ್ಟುಕೊಂಡರು. "ಕಂಪ್ನಿ ಮುಖ ನಾನೆಲ್ಲಿ ನೋಡ್ಲಿ ಸಾರ್, ನಂಗೊತ್ತಿರೋದು ಯಜಮಾನ್ರ ಮುಖ" ಅಂದರು. ಹನ್ನೆರಡು ವರ್ಷ ಆ ಮುಖ ನೋಡಿಯೇ ಅವರು ಕಾಗದ ಕೇಳದೆ ದುಡ್ಡು ಕೊಟ್ಟದ್ದು. ಯಜಮಾನರು ಇದನ್ನು ಓದಿದ್ದರೆ, ಆ ಒಂದು ಸಾಲಿನ ಕಾಗದ ಬರೆದುಕೊಡಲಿ. ಅದಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ ಐದು ಬೀಳುವುದಿಲ್ಲ.